ಡಾಂಗಲ್ ಇದ್ದರೆ ಸಾಕೇನ್ರೀ? ಇಮೇಲ್ ಸಹಿ, ಎನ್‌ಕ್ರಿಪ್ಷನ್‌ಗೆ ನಾಲ್ಕು ದಾರಿಗಳ ಹೋಲಿಕೆ

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಯಾವ ಆಡಿಟರ್ ಆಫೀಸಿನ ಡ್ರಾ ಎಳೆದರೂ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಸರ್ಟಿಫಿಕೇಟ್ ಇಟ್ಟಿರುವ ಯುಎಸ್‌ಬಿ ಡಾಂಗಲ್‌ಗಳ ರಾಶಿ ಕಾಣುತ್ತದೆ. ಒಂದೊಂದಕ್ಕೂ ಗಿರಾಕಿಯ ಹೆಸರು ಬರೆದ ಚೀಟಿ, ಚೀಟಿ ಬೀಳದಂತೆ ರಬ್ಬರ್ ಬ್ಯಾಂಡು. ಹೀಗಾಗಿ ಮೇಲ್‌ಗೂ ಡಿಜಿಟಲ್ ಸಹಿ ಹಾಕಬಹುದು ಅಂದಕೂಡಲೇ ಬರುವ ಮಾತು ಒಂದೇ: “ಡಾಂಗಲ್ ಅದಲ್ರೀ, ಮತ್ತ ಬ್ಯಾರೆ ತಾಪತ್ರಯ ಯಾಕ?”

ಆ ಡಾಂಗಲನ್ನೂ ಸೇರಿಸಿ ನಾಲ್ಕು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದಾಯಿತು. ಒಂದು, ಡಿಎಸ್‌ಸಿ ಟೋಕನ್ (ಅದೇ ಡಾಂಗಲ್) ಚುಚ್ಚಿ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಮ್‌ನಲ್ಲಿ ಸಹಿ. ಎರಡು, ಜಗತ್ತಿನ ಮೇಲ್ ಪ್ರೋಗ್ರಾಮ್‌ಗಳೆಲ್ಲ ನಂಬುವ ಸಂಸ್ಥೆಯಿಂದ ತಂದ ಎಸ್-ಮೈಮ್ (ಸರ್ಟಿಫಿಕೇಟ್ ಬಳಸಿ ಮೇಲ್‌ಗೆ ಸಹಿ, ಬೀಗ ಹಾಕುವ ಪದ್ಧತಿ) ಸರ್ಟಿಫಿಕೇಟು. ಮೂರು, ಥಂಡರ್‌ಬರ್ಡ್‌ನೊಳಗೇ ಇರುವ ಓಪನ್‌ಪಿಜಿಪಿ, ಅಂದರೆ ಯಾವ ಸಂಸ್ಥೆಯೂ ಬೇಡದೆ ಕೀಯನ್ನು ನೀವೇ ಮಾಡಿಕೊಳ್ಳುವ ಪದ್ಧತಿ. ನಾಲ್ಕು, ಜಿಮೇಲ್ ಬಿಟ್ಟು ಕದಲದವರಿಗೆ ಬ್ರೌಸರ್‌ನಲ್ಲಿ ಮೇಲ್‌ವೆಲೋಪ್ ಎಂಬ ಎಕ್ಸ್‌ಟೆನ್ಷನ್. ವಿಂಡೋಸ್ 11, ಉಬುಂಟು, ಒಂದು ಆಂಡ್ರಾಯ್ಡ್ ಫೋನು. ಕಳಿಸಿದ್ದು ಕನ್ನಡದ ಪತ್ರ, ಇಂಗ್ಲಿಷ್ ಪತ್ರ ಮತ್ತು ದಪ್ಪ ಸ್ಕ್ಯಾನ್ ಪಿಡಿಎಫ್.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಸಹಿ ಹಾಕಲು ನಿಮ್ಮ ಬಳಿ ಮಾತ್ರ ಗುಟ್ಟಾಗಿರುವ ಖಾಸಗಿ ಕೀ ಒಂದೇ ಸಾಕು, ಇವತ್ತೇ ಒಬ್ಬರೇ ಶುರು ಮಾಡಬಹುದು. ಎನ್‌ಕ್ರಿಪ್ಟ್ ಮಾಡಲು (ಎದುರಿನವರು ಮಾತ್ರ ಓದುವಂತೆ ಬೀಗ ಹಾಕಲು) ಅವರು ಯಾರಿಗೂ ಕೊಡಬಹುದಾದ ಸಾರ್ವಜನಿಕ ಕೀ ಬೇಕು, ಅಂದರೆ ಅವರೂ ಕೂತು ಸೆಟಪ್ ಮಾಡಿರಬೇಕು. ಯಾವ ದಾರಿ ಒಳ್ಳೆಯದು ಎಂಬುದನ್ನು ನಿಮ್ಮ ಕಂಪ್ಯೂಟರ್ ಅಷ್ಟಾಗಿ ತೀರ್ಮಾನಿಸುವುದಿಲ್ಲ, ಪತ್ರ ಓದುವವರ ಕಂಪ್ಯೂಟರ್ ತೀರ್ಮಾನಿಸುತ್ತದೆ.

ಡಿಎಸ್‌ಸಿ ಡಾಂಗಲ್

2021ರ ಜನವರಿ 1ರಿಂದ ಕ್ಲಾಸ್ 2 ನಿಂತುಹೋಗಿ ಈಗ ಸಿಗುವುದೆಲ್ಲ ಕ್ಲಾಸ್ 3. ತಾಂತ್ರಿಕವಾಗಿ ಇದೂ ಎಸ್-ಮೈಮ್‌ಗೆ ಬೇಕಾದ ಎಕ್ಸ್.509 ಮಾದರಿಯ ಸರ್ಟಿಫಿಕೇಟೇ, ಆದ್ದರಿಂದ ಮೇಲ್‌ನಲ್ಲಿ ನಡೆಯಬೇಕು. ನಡೆಯುತ್ತದೆ ಕೂಡ, ಮೂರು ಗಂಟು ಬಿಚ್ಚಿದ ಮೇಲೆ.

ಸರ್ಟಿಫಿಕೇಟ್ ತೆರೆದು ಅದರೊಳಗೆ ಇಮೇಲ್ ವಿಳಾಸ ಇದೆಯೇ, ಇದ್ದರೆ ಯಾರದ್ದು ಅಂತ ನೋಡಿ. ಮಾಡಿಸಿಕೊಟ್ಟ ಏಜೆಂಟರ ವಿಳಾಸ ಕೂತಿದ್ದರೆ ಆಟ ಅಲ್ಲಿಗೇ ಮುಗಿಯಿತು: ಕಳಿಸಿದವರ ವಿಳಾಸಕ್ಕೂ ಸರ್ಟಿಫಿಕೇಟಿನ ವಿಳಾಸಕ್ಕೂ ತಾಳೆಯಿಲ್ಲ ಎಂಬ ಎಚ್ಚರಿಕೆಯೇ ಓದುವವರಿಗೆ ಕಾಣುವುದು. ಎರಡನೆಯದು, ಕೀ ಯೂಸೇಜ್, ಅಂದರೆ ಕೀ ಯಾವ ಕೆಲಸಕ್ಕೆ ಎಂಬ ನಮೂದು. ‘ಸಿಗ್ನೇಚರ್’ ಮಾತ್ರದ ಡಿಎಸ್‌ಸಿಯಿಂದ ಸಹಿ ಬರುತ್ತದೆ, ಎನ್‌ಕ್ರಿಪ್ಷನ್ ಬರುವುದಿಲ್ಲ. ಟೆಂಡರ್ ಹಾಕುವವರು ತೆಗೆದುಕೊಳ್ಳುವ ಜೋಡಿಯಲ್ಲಿ ಎನ್‌ಕ್ರಿಪ್ಷನ್‌ಗೆ ಬೇರೆಯದೇ ಸರ್ಟಿಫಿಕೇಟ್ ಇರುತ್ತದೆ.

ಇವೆರಡೂ ಸರಿಯಿದ್ದರೆ ಥಂಡರ್‌ಬರ್ಡ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆಂಡ್ ಸೆಕ್ಯುರಿಟಿ, ಅಲ್ಲಿ ಕೆಳಗೆ ಸೆಕ್ಯುರಿಟಿ ಡಿವೈಸಸ್, ಲೋಡ್. ಟೋಕನ್‌ನ ಡ್ರೈವರ್ ಜೊತೆ ಬಂದಿರುವ, ಟೋಕನ್ನಿಗೂ ಪ್ರೋಗ್ರಾಮಿಗೂ ಸೇತುವೆಯಾಗುವ ಪಿಕೆಸಿಎಸ್ 11 ಡಿಎಲ್‌ಎಲ್ ಫೈಲನ್ನು ತೋರಿಸಬೇಕು. ಇ-ಪಾಸ್ 2003 ಟೋಕನ್ನಿನದು ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲಿ ಇರುತ್ತದೆ. ಥಂಡರ್‌ಬರ್ಡ್ 64 ಬಿಟ್ ಇದ್ದು ಡಿಎಲ್‌ಎಲ್ 32 ಬಿಟ್‌ನದಾದರೆ ‘ಅನೇಬಲ್ ಟು ಆಡ್ ಮಾಡ್ಯೂಲ್’ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಕಾರಣ ಹೇಳುವುದಿಲ್ಲ, ಜನ ಟೋಕನ್ನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಮೂರನೆಯ ಗಂಟು ಎಲ್ಲಕ್ಕಿಂತ ಬಿಗಿ. ಭಾರತದ ಡಿಎಸ್‌ಸಿಗಳ ಬೇರು ಇರುವುದು ಸಿಸಿಎ, ಅಂದರೆ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ರೂಟ್ ಸರ್ಟಿಫಿಕೇಟಿನಲ್ಲಿ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ನಂಬಿಕೆಯ ಪಟ್ಟಿಯಲ್ಲಿ ಆ ರೂಟ್ ಇಲ್ಲ. ಥಂಡರ್‌ಬರ್ಡ್ ಬಳಸುವುದು ಅದೇ ಪಟ್ಟಿಯನ್ನು. ಡೌನ್‌ಲೋಡ್ ಮಾಡಿದ ಆಧಾರ್ ಪಿಡಿಎಫ್‌ನಲ್ಲಿ ಸಹಿಯ ಜಾಗದಲ್ಲಿ ಹಳದಿ ಪ್ರಶ್ನೆಚಿಹ್ನೆ ಬರುತ್ತದಲ್ಲ, ಇದು ಅದೇ ಕಾಯಿಲೆ. ನಿಮ್ಮ ಯಂತ್ರದಲ್ಲಿ ಸರ್ಟಿಫಿಕೇಟ್ ಮ್ಯಾನೇಜರ್, ಅಥಾರಿಟೀಸ್, ಇಂಪೋರ್ಟ್ ಎಂದು ಹೋಗಿ ಸಿಸಿಎ ರೂಟನ್ನೂ ನಡುವಿನ ಸಂಸ್ಥೆಯ ಸರ್ಟಿಫಿಕೇಟನ್ನೂ ಹಾಕಿ, ಇಮೇಲ್ ಬಳಕೆದಾರರನ್ನು ಗುರುತಿಸಲು ಇದನ್ನು ನಂಬು ಎಂಬ ಚೌಕಕ್ಕೆ ಟಿಕ್ ಹಾಕಿದರೆ ಹಸಿರಾಗುತ್ತದೆ. ಆದರೆ ಹಸಿರಾಗಿದ್ದು ನಿಮ್ಮ ಮನೆಯಲ್ಲಿ. ಓದುವ ಪ್ರತಿಯೊಬ್ಬರೂ ಇದೇ ಕಸರತ್ತು ಮಾಡಬೇಕು, ದುಬೈನ ವ್ಯಾಪಾರಿ ಮಾಡುವುದಿಲ್ಲ.

ಇನ್ನೊಂದು ಅಪಾಯ ಗೊತ್ತಿರಲಿ. ನವೀಕರಣದ ಹೊತ್ತಿಗೆ ಟೋಕನ್ನನ್ನು ‘ಇನಿಷಿಯಲೈಸ್’ ಮಾಡುವ ರೂಢಿಯಿದೆ. ಮಾಡಿದರೆ ಒಳಗಿನ ಹಳೆಯ ಖಾಸಗಿ ಕೀ ಅಳಿಸಿಹೋಗುತ್ತದೆ. ಸಹಿಗೆ ಇದರಿಂದ ನಷ್ಟವಿಲ್ಲ, ಆದರೆ ಆ ಕೀಗೆ ಎನ್‌ಕ್ರಿಪ್ಟ್ ಆಗಿ ಬಂದಿದ್ದ ಎರಡು ವರ್ಷದ ಮೇಲ್‌ಗಳೆಲ್ಲ ಶಾಶ್ವತವಾಗಿ ಮುಚ್ಚಿಕೊಳ್ಳುತ್ತವೆ. ಡಾಂಗಲ್‌ನಿಂದ ಮೇಲ್ ಎನ್‌ಕ್ರಿಪ್ಟ್ ಮಾಡುವುದು ಬೇಡವೇ ಬೇಡ.

ಹಾಗಿದ್ದರೂ ಡಾಂಗಲ್‌ಗೆ ಒಂದು ಬಲ ಇದೆ, ಉಳಿದ ಮೂರಕ್ಕೆ ಇಲ್ಲದ್ದು: ಐಟಿ ಕಾಯ್ದೆ 2000ರ ಪ್ರಕಾರ ಕಾನೂನಿನ ಮಾನ್ಯತೆ. ಕಲಬುರಗಿ ಹೈಕೋರ್ಟ್ ಪೀಠದ ವಕೀಲರು ನೋಟಿಸು ಕಳಿಸುವಾಗ ಮೇಲ್‌ಗಿಂತ ಪಿಡಿಎಫ್‌ಗೇ ಡಾಂಗಲ್ ಸಹಿ ಹಾಕಿ ಲಗತ್ತಿಸುವುದು ಲೇಸು. ಸಹಿ ಫೈಲಿನ ಜೊತೆ ಉಳಿಯುತ್ತದೆ, ಮೇಲ್ ಫಾರ್ವರ್ಡ್ ಆದರೂ ಹೋಗುವುದಿಲ್ಲ.

ಎಸ್-ಮೈಮ್, ಹೊರಗಿನ ಸರ್ಟಿಫಿಕೇಟು

ಬೀದರಿನ ಬಿದ್ರಿ ವ್ಯಾಪಾರಿಯನ್ನೇ ತೆಗೆದುಕೊಳ್ಳಿ. ಹೊರದೇಶದ ಗಿರಾಕಿಗೆ ಪ್ರೊಫಾರ್ಮಾ ಬಿಲ್ ಹೋಗುತ್ತದೆ. ಮರುದಿನ ಅದೇ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಕಳ್ಳ ಮೇಲ್. ಇಲ್ಲಿ ಬೇಕಾದದ್ದು ಗುಟ್ಟಲ್ಲ, ಸಹಿ. ಅದೂ ಗಿರಾಕಿ ಏನೂ ಇನ್‌ಸ್ಟಾಲ್ ಮಾಡದೆ ಕಾಣುವ ಸಹಿ. ಔಟ್‌ಲುಕ್, ಐಫೋನಿನ ಮೇಲ್, ಥಂಡರ್‌ಬರ್ಡ್ ಮೂರೂ ಎಸ್-ಮೈಮ್ ಸಹಿಯನ್ನು ತಾವಾಗಿಯೇ ಪರೀಕ್ಷಿಸುತ್ತವೆ. ಈ ಕೆಲಸಕ್ಕೆ ನಾಲ್ಕರಲ್ಲಿ ಇದೇ ಮುಂದು.

ಸರ್ಟಿಫಿಕೇಟ್ ಬರುವುದು ಸಾಮಾನ್ಯವಾಗಿ ಪಿ12 ಅಥವಾ ಪಿಎಫ್‌ಎಕ್ಸ್ ಫೈಲಾಗಿ, ಪಾಸ್‌ವರ್ಡ್ ಜೊತೆ. ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್, ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್, ಮ್ಯಾನೇಜ್ ಎಸ್-ಮೈಮ್ ಸರ್ಟಿಫಿಕೇಟ್ಸ್, ಯುವರ್ ಸರ್ಟಿಫಿಕೇಟ್ಸ್, ಇಂಪೋರ್ಟ್. ಇಷ್ಟಕ್ಕೇ ನಿಲ್ಲಬೇಡಿ: ಹಿಂದಿನ ಪುಟಕ್ಕೆ ಬಂದು ಸಹಿಗೊಮ್ಮೆ, ಎನ್‌ಕ್ರಿಪ್ಷನ್‌ಗೊಮ್ಮೆ ‘ಸೆಲೆಕ್ಟ್’ ಒತ್ತಿ ಅದೇ ಸರ್ಟಿಫಿಕೇಟ್ ಆರಿಸಬೇಕು. ಅರ್ಧ ಜನ ಎಡವುವುದು ಇಲ್ಲೇ. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಮೊದಲು ಪಿ12 ಫೈಲನ್ನು ಡಬಲ್ ಕ್ಲಿಕ್ ಮಾಡಿ ವಿಂಡೋಸ್‌ಗೆ ಸೇರಿಸಿ, ಆಮೇಲೆ ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಇಮೇಲ್ ಸೆಕ್ಯುರಿಟಿ. ಸೇರಿಸುವಾಗ ಕೀಯನ್ನು ಎಕ್ಸ್‌ಪೋರ್ಟ್ ಮಾಡಲು ಬಿಡಬೇಕೇ ಎಂದು ಕೇಳುತ್ತದೆ. ಟಿಕ್ ಹಾಕದೆ ಮುಂದೆ ಹೋಗಿ ಪಿ12 ಫೈಲನ್ನೂ ಕಳೆದುಕೊಂಡರೆ ಬೇರೆ ಯಂತ್ರಕ್ಕೆ ಕೀ ಒಯ್ಯಲಾಗದು.

ಇದರ ಮಿತಿಯೂ ಇದೆ. ಅಗ್ಗದ ಸರ್ಟಿಫಿಕೇಟು ಸಾರುವುದು ‘ಈ ಮೇಲ್‌ಬಾಕ್ಸ್ ಇವರ ಕೈಯಲ್ಲಿದೆ’ ಎಂಬುದನ್ನು ಮಾತ್ರ, ವ್ಯಕ್ತಿ ಯಾರೆಂಬುದನ್ನಲ್ಲ. ಕೆಲವು ಸಂಸ್ಥೆಗಳು ಖಾಸಗಿ ಕೀಯನ್ನೂ ತಮ್ಮ ಸರ್ವರ್‌ನಲ್ಲೇ ತಯಾರಿಸಿ ಕಳಿಸುತ್ತವೆ. ಸಹಿಗೆ ನಡೆದೀತು, ಗುಟ್ಟಿನ ಪತ್ರಕ್ಕೆ ಅಂಥದ್ದು ಬೇಡ. ಅವಧಿ ಮುಗಿದ ಸರ್ಟಿಫಿಕೇಟನ್ನು ಅಳಿಸಬೇಡಿ, ಹಳೆಯ ಪತ್ರಗಳ ಬೀಗದ ಕೈ ಅದೇ.

ಸಹಿಯನ್ನು ‘ಮುಖ್ಯವಾದ’ ಮೇಲ್‌ಗೆ ಮಾತ್ರ ಹಾಕುವ ಚಾಳಿ ಬೇಡ. ಎಲ್ಲ ಮೇಲ್‌ಗೂ ಹಾಕಿದರೆ ಮಾತ್ರ ಸಹಿಯಿಲ್ಲದ ಕಳ್ಳ ಮೇಲ್ ಗಿರಾಕಿಯ ಕಣ್ಣಿಗೆ ಬೀಳುತ್ತದೆ.

ಥಂಡರ್‌ಬರ್ಡ್‌ನ ಓಪನ್‌ಪಿಜಿಪಿ

ನಾಲ್ಕಾರು ಮಂದಿ ಗೊತ್ತಿರುವವರ ನಡುವೆ ನಿಜವಾಗಿ ಗುಟ್ಟು ಉಳಿಯಬೇಕು, ದುಡ್ಡು ಖರ್ಚಾಗಬಾರದು ಎಂದರೆ ಇದನ್ನು ಮೀರಿಸಿದ್ದಿಲ್ಲ. 2020ರ ಥಂಡರ್‌ಬರ್ಡ್ 78ರಿಂದ ಇದು ಒಳಗೇ ಬಂದಿದೆ, ಮೊದಲಿನಂತೆ ಎನಿಗ್‌ಮೇಲ್ ಆಡ್-ಆನ್ ಬೇಡ.

ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಪುಟದಲ್ಲೇ ‘ಆಡ್ ಕೀ’, ‘ಕ್ರಿಯೇಟ್’ ಒತ್ತಿದರೆ ಮೂರು ವರ್ಷದ ಅವಧಿ, ಆರ್‌ಎಸ್‌ಎ 3072 ಬಿಟ್ ಎಂದು ತಾನೇ ತುಂಬಿ ಕೊಡುತ್ತದೆ. ಹಾಗೇ ಬಿಡಿ. ಕೀ ಹುಟ್ಟಿದ ಮೇಲೆ ಎರಡು ಕೆಲಸ ಅದೇ ಕೂತಲ್ಲಿ ಮುಗಿಸಿ. ಮೊದಲನೆಯದು, ಪ್ರೈಮರಿ ಪಾಸ್‌ವರ್ಡ್. ಅದು ಇಲ್ಲದಿದ್ದರೆ ನಿಮ್ಮ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡವರೆಲ್ಲ ಕೀಯ ಮಾಲೀಕರೇ. ಎರಡನೆಯದು, ಕೀ ಮ್ಯಾನೇಜರ್‌ನ ಫೈಲ್ ಮೆನುವಿನಿಂದ ಸೀಕ್ರೆಟ್ ಕೀ ಬ್ಯಾಕಪ್. ಕೀ ಹೋದರೆ ವಾಪಸ್ ಕೊಡಿಸುವ ಆಫೀಸು, ಹೆಲ್ಪ್‌ಲೈನು ಯಾವುದೂ ಇಲ್ಲ.

ಬ್ಯಾಕಪ್ ಫೈಲಿನ ಪಾಸ್‌ವರ್ಡನ್ನು ಕನ್ನಡದಲ್ಲಿ ಇಡುವ ಆಸೆ ಬೇಡ. ‘ಕೋಟೆ’ಯ ‘ಕೋ’ವನ್ನು ಒಂದು ಕೀಬೋರ್ಡ್ ‘ಓ’ಕಾರದ ಒಂದೇ ಸಂಕೇತದಿಂದ ಬರೆದೀತು, ಇನ್ನೊಂದು ಎ, ಊ, ದೀರ್ಘ ಎಂದು ಮೂರು ತುಂಡು ಜೋಡಿಸೀತು. ‘ರ್‍ಯ’ ಬರೆಯುವಾಗ ಕಣ್ಣಿಗೆ ಕಾಣದ ಜೋಡಕವೊಂದು ನಡುವೆ ಸೇರುತ್ತದೆ. ತೆರೆಯ ಮೇಲೆ ಅಕ್ಷರ ಒಂದೇ, ಒಳಗಿನ ಬೈಟ್ ಬೇರೆ; ಡೆಸ್ಕ್‌ಟಾಪ್‌ನಲ್ಲಿ ಇಟ್ಟ ಪಾಸ್‌ವರ್ಡನ್ನು ಫೋನು ‘ತಪ್ಪು’ ಅನ್ನುತ್ತದೆ. ಪತ್ರದ ಒಡಲಿಗೆ ಈ ತೊಂದರೆ ಇಲ್ಲ, ಯೂನಿಕೋಡ್ ಕನ್ನಡ ಎಲ್ಲ ಕಡೆ ಅಕ್ಷರ ತಪ್ಪದೆ ತೆರೆಯಿತು. ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ (ಯೂನಿಕೋಡ್ ಅಲ್ಲದ) ಪಠ್ಯ ಅಂಟಿಸಿದರೆ ಸಹಿ ಸರಿ ಅನ್ನುತ್ತದೆ, ಓದಲು ಮಾತ್ರ ಬರುವುದಿಲ್ಲ.

ಈಗ ಕೀ ವಿನಿಮಯ. ಒಬ್ಬರಿಗೊಬ್ಬರು ಸಾರ್ವಜನಿಕ ಕೀ ಲಗತ್ತಿಸಿ ಮೇಲ್ ಕಳಿಸಿ, ಬಂದದ್ದನ್ನು ಇಂಪೋರ್ಟ್ ಮಾಡಿ. ಅದು ಇಂಪೋರ್ಟ್ ಆದ ಮಾತ್ರಕ್ಕೆ ಎನ್‌ಕ್ರಿಪ್ಟ್ ಆಗುವುದಿಲ್ಲ. ಕೀಯನ್ನು ‘ಒಪ್ಪಿದ್ದೇನೆ’ ಎಂದು ಆರಿಸಬೇಕು. ಪರೀಕ್ಷಿಸದೆ ಒಪ್ಪುವುದು, ಪರೀಕ್ಷಿಸಿ ಒಪ್ಪುವುದು ಎಂದು ಎರಡು ಬಗೆ. ಪರೀಕ್ಷೆ ಅಂದರೆ ಕೀಯನ್ನು ಗುರುತಿಸುವ 40 ಅಕ್ಷರಗಳ ಫಿಂಗರ್‌ಪ್ರಿಂಟನ್ನು ಫೋನಿನಲ್ಲಿ ಓದಿ ತಾಳೆ ನೋಡುವುದು. ನಾಲ್ಕು ನಾಲ್ಕು ಅಕ್ಷರದ ಹತ್ತು ಗುಂಪು, ಅಂಕಿಗಳ ಜೊತೆ ಎ ಇಂದ ಎಫ್ ತನಕ. ಯಾದಗಿರಿಯ ನೆಟ್‌ವರ್ಕ್‌ನಲ್ಲಿ ಬಿ, ಸಿ, ಡಿ, ಇ ಎಲ್ಲ ಒಂದೇ ಥರ ಕೇಳುತ್ತವೆ. ಎ ಅಂದ್ರ ಆಳಂದ, ಬಿ ಅಂದ್ರ ಬೀದರ, ಸಿ ಅಂದ್ರ ಚಿತ್ತಾಪುರ, ಡಿ ಅಂದ್ರ ದೇವದುರ್ಗ, ಇ ಅಂದ್ರ ಇಂಜಿನ್, ಎಫ್ ಅಂದ್ರ ಫಿರೋಜಾಬಾದ್ ಎಂದು ಮೊದಲೇ ಮಾತಾಡಿಕೊಂಡರೆ ಎರಡು ನಿಮಿಷದ ಕೆಲಸ. ಕರೆ ನಿಮಗೆ ಗೊತ್ತಿರುವ ನಂಬರಿಗೆ ಹೋಗಲಿ, ಅದೇ ಮೇಲ್‌ನ ಅಡಿಯಲ್ಲಿ ಬರೆದ ನಂಬರಿಗಲ್ಲ.

ಎಸ್-ಮೈಮ್‌ಗಿಂತ ಇಲ್ಲೊಂದು ಲಾಭ: ಥಂಡರ್‌ಬರ್ಡ್ ಓಪನ್‌ಪಿಜಿಪಿ ಪತ್ರದ ವಿಷಯದ ಸಾಲನ್ನೂ ಒಳಗೆ ಸೇರಿಸಿ ಮುಚ್ಚುತ್ತದೆ, ಹೊರಗೆ ಮೂರು ಚುಕ್ಕೆ ಮಾತ್ರ. ಎಲ್ಲ ಆ್ಯಪ್‌ಗಳೂ ಅದನ್ನು ಬಿಚ್ಚಿ ತೋರಿಸುವುದಿಲ್ಲ, ಹೀಗಾಗಿ ಮೇಲ್ ಪಟ್ಟಿಯಲ್ಲಿ ಚುಕ್ಕೆಗಳ ಸಾಲೇ ನಿಂತೀತು. ಯಾರು ಯಾರಿಗೆ, ಯಾವಾಗ ಕಳಿಸಿದರು ಎಂಬುದು ಯಾವ ದಾರಿಯಲ್ಲೂ ಮುಚ್ಚುವುದಿಲ್ಲ.

ನಷ್ಟ ಕಾಣುವುದು ಅಪರಿಚಿತರ ಕಡೆ. ಜಿಮೇಲ್‌ನಲ್ಲಿ ಓದುವವರಿಗೆ ನಿಮ್ಮ ಸಹಿ ಎಎಸ್‌ಸಿ ಎಂಬ ಬಾಲದ ಒಂದು ಲಗತ್ತಾಗಿ ಕಾಣುತ್ತದೆ. “ಸರ್, ನಿಮ್ಮ ಮೇಲ್‌ನಾಗ ವೈರಸ್ ಬಂದಂಗದ” ಎಂಬ ಫೋನು ಗ್ಯಾರಂಟಿ. ಆದ್ದರಿಂದ ಎಲ್ಲ ಮೇಲ್‌ಗೂ ಸಹಿ ಎಂಬ ಮೇಲಿನ ಸಲಹೆ ಎಸ್-ಮೈಮ್‌ಗೆ. ಓಪನ್‌ಪಿಜಿಪಿ ಸಹಿ ನಿಮ್ಮ ವರ್ತುಲದೊಳಗಿರಲಿ.

ಫೋನಿನಲ್ಲೂ ಓದಬೇಕಿದ್ದರೆ ಕೀಗಳನ್ನು ಇಟ್ಟುಕೊಳ್ಳುವ ಓಪನ್‌ಕೀಚೈನ್ ಆ್ಯಪ್ ಹಾಕಿ, ಬ್ಯಾಕಪ್ ಫೈಲನ್ನು ಯುಎಸ್‌ಬಿ ಕೇಬಲ್‌ನಿಂದ ಒಯ್ದು ಸೇರಿಸಿ. ವಾಟ್ಸ್‌ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಳ್ಳುವ ಅಡ್ಡದಾರಿ ಬೇಡ. ಆಂಡ್ರಾಯ್ಡ್‌ನ ಥಂಡರ್‌ಬರ್ಡ್, ಫೇರ್‌ಇಮೇಲ್ ಎರಡೂ ಅದರ ಜೊತೆ ಕೆಲಸ ಮಾಡುತ್ತವೆ. ಎಸ್-ಮೈಮ್ ಕೂಡ ಬೇಕೆಂದರೆ ಫೇರ್‌ಇಮೇಲ್ ಸರಿ.

ಮೇಲ್‌ವೆಲೋಪ್

ಬ್ರೌಸರ್ ಬಿಟ್ಟು ಬರಲಾರೆ ಅನ್ನುವವರನ್ನು ಓಪನ್‌ಪಿಜಿಪಿ ವರ್ತುಲಕ್ಕೆ ಸೇರಿಸಿಕೊಳ್ಳಲು ಇದು ಒಳ್ಳೆಯ ಒಳಬಾಗಿಲು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್‌ಗಳಿಗೆ ಸಿಗುತ್ತದೆ. ಥಂಡರ್‌ಬರ್ಡ್‌ನಲ್ಲಿ ಮಾಡಿದ ಕೀಯನ್ನೇ ಇಲ್ಲಿಗೂ ತರಬಹುದು. ಆದರೆ ಕೀ ಇರುವುದು ಆ ಬ್ರೌಸರ್ ಪ್ರೊಫೈಲ್‌ನಲ್ಲಿ: ಎಕ್ಸ್‌ಟೆನ್ಷನ್ ತೆಗೆದರೆ ಕೀಯೂ ಹೋಯಿತು. ಬರೆಯುವಾಗ ಅದರದೇ ಕಿಟಕಿಯಲ್ಲಿ ಬರೆಯಬೇಕು. ಜಿಮೇಲ್‌ನ ಪೆಟ್ಟಿಗೆಯಲ್ಲೇ ಟೈಪ್ ಮಾಡಲು ಶುರು ಮಾಡಿದರೆ ಎನ್‌ಕ್ರಿಪ್ಟ್ ಆಗುವ ಮೊದಲೇ ಡ್ರಾಫ್ಟ್ ಗೂಗಲ್ ಸರ್ವರ್ ಸೇರಿರುತ್ತದೆ. ನೆಟ್ ಸೆಂಟರ್‌ನ ಕಂಪ್ಯೂಟರಿನಲ್ಲಿ ಇದನ್ನು ಮುಟ್ಟಲೇಬಾರದು.

ಕಳಿಸುವ ಮುಂಚೆ

ಸಹಿ ‘ಅಮಾನ್ಯ’ ಎಂದು ಬಂದರೆ ಮೊದಲು ಆಂಟಿವೈರಸ್ಸನ್ನೋ ಆಫೀಸಿನ ಮೇಲ್ ಸರ್ವರನ್ನೋ ಅನುಮಾನಿಸಿ. ‘ಈ ಮೇಲ್ ಸ್ಕ್ಯಾನ್ ಆಗಿದೆ’ ಎಂಬ ಒಂದು ಸಾಲನ್ನು ಅಡಿಗೆ ಸೇರಿಸಿದರೂ ಸಹಿ ಹಾಕಿದ ಪಠ್ಯ ಬದಲಾಯಿತು, ಸಹಿ ಮುರಿಯಿತು. ಹೊರಹೋಗುವ ಮೇಲ್‌ಗೆ ಅಡಿಬರಹ ಸೇರಿಸುವ ಆಯ್ಕೆಯನ್ನು ಆಫ್ ಮಾಡಿ ಮತ್ತೆ ಕಳಿಸಿ ನೋಡಿ.

ದೊಡ್ಡ ಫೈಲಿನ ಲೆಕ್ಕ ಬೇರೆ. ಮಾಮೂಲಿ ಲಗತ್ತು ಮೇಲ್‌ಗೆ ಹತ್ತುವಾಗ ಮೂರು ಬೈಟಿಗೆ ನಾಲ್ಕಾಗಿ ಉಬ್ಬುತ್ತದೆ. ಎಸ್-ಮೈಮ್‌ನಲ್ಲಿ ಉಬ್ಬಿದ್ದನ್ನೇ ಎನ್‌ಕ್ರಿಪ್ಟ್ ಮಾಡಿ ಮತ್ತೊಮ್ಮೆ ಉಬ್ಬಿಸಬೇಕು, ಒಟ್ಟು 1.8 ಪಟ್ಟು. 18 ಎಂಬಿಯ ಪಹಣಿ, ನಕಾಶೆಗಳ ಸ್ಕ್ಯಾನು ಹಾಗೇ ಕಳಿಸಿದರೆ ಜಿಮೇಲ್‌ನ 25 ಎಂಬಿ ಮಿತಿಯೊಳಗೆ ಹೇಗೋ ತೂರಿಕೊಳ್ಳುತ್ತದೆ. ಎನ್‌ಕ್ರಿಪ್ಟ್ ಮಾಡಿದರೆ 32 ದಾಟಿ ವಾಪಸ್ ಬರುತ್ತದೆ. 13 ಎಂಬಿ ಒಳಗಿಡಿ, ಇಲ್ಲವೇ ಸ್ಕ್ಯಾನರನ್ನು 300 ಡಿಪಿಐ ಬಣ್ಣದಿಂದ 200 ಡಿಪಿಐ ಕಪ್ಪು-ಬಿಳುಪಿಗೆ ಇಳಿಸಿ.