ಸೈನಿಕರ ಮನೆಯವರ ನಿದ್ದೆಗೆ: ಪಾದದ ಎಣ್ಣೆ, ಭ್ರಾಮರಿ, ಯೋಗನಿದ್ರೆ, 14416 ಸಹಾಯವಾಣಿ

ಗಡಿಯಲ್ಲಿರುವ ಮಗನದೋ ಗಂಡನದೋ ಫೋನು ನಾಲ್ಕು ದಿನ ಬರಲಿಲ್ಲ ಅಂದರೆ ಮನೆಯಲ್ಲಿ ಮೊದಲು ಕೆಡುವುದು ನಿದ್ದೆ. ಆಳಂದ, ಸೇಡಂ ಕಡೆಯವರಿಗೆ ದೊಡ್ಡ ಸೇನಾ ಆಸ್ಪತ್ರೆ ಬೇಕೆಂದರೆ ಸಿಕಂದರಾಬಾದಿಗೆ ಹೋಗಬೇಕು. ನಿದ್ದೆ ಬರುತ್ತಿಲ್ಲವೆಂದು ಯಾರೂ ಅಷ್ಟು ದೂರದ ರೈಲು ಹತ್ತುವುದಿಲ್ಲ. ಮನೆಯಲ್ಲೇ ಆಗುವ ಈ ನಾಲ್ಕನ್ನೂ ವಾರಗಟ್ಟಲೆ ಮಾಡಿ ನೋಡಿದ್ದೇವೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಮಲಗಿದ ಮೇಲೆ ತಾಸುಗಟ್ಟಲೆ ಹೊರಳಾಡುವವರಿಗೆ ಪಾದದ ಎಣ್ಣೆಯೇ ಮೇಲು. ಎರಡು ಚಮಚ ಎಳ್ಳೆಣ್ಣೆ ಸಾಕು. ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ನೇರ ಉರಿಗೆ ಇಡಬೇಡಿ. ಹಿಮ್ಮಡಿಯಿಂದ ಬೆರಳಿನ ಕಡೆಗೆ, ಒಂದೊಂದು ಪಾದಕ್ಕೆ ಐದು ನಿಮಿಷ. ಅತ್ತೆಗೆ ಸೊಸೆ, ಸೊಸೆಗೆ ಮಗಳು ಹಚ್ಚಿದರೆ ಇನ್ನೂ ಬೇಗ ಕಣ್ಣು ಮುಚ್ಚುತ್ತದೆ. ಕೊನೆಗೆ ಹಳೆಯ ಧೋತರದ ತುಂಡಿನಿಂದ ಒತ್ತಿ ಒರೆಸಲೇಬೇಕು: ನಮ್ಮ ಮನೆಗಳ ನುಣುಪಾದ ಶಹಾಬಾದ್ ಕಲ್ಲಿನ ಮೇಲೆ ಎಣ್ಣೆಗಾಲು ಇಟ್ಟರೆ ಜಾರುವುದು ಖಂಡಿತ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಗೊತ್ತಾಗುವುದಿಲ್ಲ, ಅವರಿಗೆ ಎಣ್ಣೆ ಕಾಯಿಸಬೇಡಿ. ಬೆರಳ ಸಂದಿಗೂ ಹಚ್ಚಬೇಡಿ.

ರಾತ್ರಿ ಮೂರಕ್ಕೆ ಎದೆ ಹೊಡೆದುಕೊಂಡು ಎಚ್ಚರವಾದರೆ ಎಣ್ಣೆ ಕೆಲಸಕ್ಕೆ ಬರದು. ಆಗ ಭ್ರಾಮರಿ. ಎದ್ದು ಕುಳಿತು, ತುಟಿ ಮುಚ್ಚಿ, ಹಲ್ಲು ಬಿಡಿಸಿ, ನಾಲ್ಕು ಎಣಿಸುವಷ್ಟು ಮೂಗಿನಿಂದ ಉಸಿರೆಳೆದು, ಏಳೆಂಟು ಎಣಿಸುವಷ್ಟು 'ಮ್‌' ಎನ್ನುತ್ತ ಬಿಡಿ. ಆರು ಸಲ. ಪಕ್ಕದಲ್ಲಿ ಮಲಗಿದ ಮಗುವಿಗೂ ಕೇಳಿಸದಷ್ಟು ಮೆಲ್ಲಗೆ ಸಾಕು. ಜೋರು ಮಾಡಿದರೆ ತಲೆ ತಿರುಗುತ್ತದೆ. ಟಿವಿ ನೋಡಿ ಕಲಿತ ಕಪಾಲಭಾತಿಯನ್ನು ಆ ಹೊತ್ತಿನಲ್ಲಿ ಮಾಡುವವರಿದ್ದಾರೆ. ಅದು ಇದ್ದ ನಿದ್ದೆಯನ್ನೂ ಓಡಿಸುತ್ತದೆ. ಬಿಪಿ ಇದ್ದವರು, ಬಸುರಿಯರು ಕಪಾಲಭಾತಿ ಮಾಡಲೇಬಾರದು.

ಯೋಗನಿದ್ರೆ, ಅಂದರೆ ಮಲಗಿಕೊಂಡು ಫೋನಿನ ಧ್ವನಿ ಹೇಳಿದಂತೆ ಮೈ ಸಡಿಲ ಬಿಡುವುದು, ಒಳ್ಳೆಯದೇ, ಆದರೆ ಫೋನು ಕೈಗೆ ಬಂತೆಂದರೆ 'ಕೊನೆಯ ಸಲ ಯಾವಾಗ ಆನ್‌ಲೈನ್ ಇದ್ದರು' ಎಂದು ನೋಡದೆ ಇರಲು ಆಗುವುದಿಲ್ಲ, ಅಲ್ಲಿಂದ ಸುದ್ದಿಗೆ, ಅಲ್ಲಿಂದ ಬೆಳಗು. ಸಿಮ್ ಇಲ್ಲದ ಹಳೆಯ ಫೋನಿನಲ್ಲಿ ಇಪ್ಪತ್ತು ನಿಮಿಷದ ಧ್ವನಿ ಹಾಕಿಟ್ಟುಕೊಳ್ಳಿ. ನಿಜವಾದ ಫೋನು ಬಂದ್ ಮಾಡುವ ಮಾತೇ ಇಲ್ಲ, ಗಡಿಯಿಂದ ಕರೆ ಯಾವಾಗಲಾದರೂ ಬರಬಹುದು. ಅವರ ನಂಬರಿಗೆ ಮಾತ್ರ ರಿಂಗ್ ಬಿಟ್ಟು ಉಳಿದವನ್ನೆಲ್ಲ ಮೌನಕ್ಕೆ ಹಾಕಿ, ಕೋಣೆಯ ಆಚೆ ತುದಿಗೆ ಇಡಿ. ಮಧ್ಯಾಹ್ನದ ದಣಿವಿಗೆ ಯೋಗನಿದ್ರೆ ಭ್ರಾಮರಿಗಿಂತ ಚೆನ್ನ, ರಾತ್ರಿಗೆ ಅಲ್ಲ.

ಎರಡು ವಾರವಾದರೂ ಸರಿಹೋಗದಿದ್ದರೆ, ಊಟ ಬಿಟ್ಟುಹೋದರೆ 14416ಕ್ಕೆ ಕರೆ ಮಾಡಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದು: ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಷ್ಟು ದಿನದಿಂದ, ಎಷ್ಟು ಗಂಟೆಗೆ ಎಚ್ಚರ, ಯಾವ ಗುಳಿಗೆ ನಡೆದಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಮಾಳಿಗೆಗೆ ಹೋಗಿ ಕರೆ ಮಾಡಿ, ಒಳಮನೆಯಲ್ಲಿ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ. ಪಲ್ಟಣದ ಹೆಸರು, ಅವರು ಈಗ ಎಲ್ಲಿದ್ದಾರೆ ಎಂಬುದನ್ನು ಹೇಳುವ ಅಗತ್ಯವಿಲ್ಲ. ಗುಳಿಗೆ ಬೇಕಾಗಬಹುದು ಅಂದರೆ ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಚಿಕಿತ್ಸೆಗೆ (ಮನೋವೈದ್ಯರು ಬಂದು ನೋಡುವ ದಿನ) ಹೋಗಿ. ಆ ವಾರ ವೈದ್ಯರು ಬರುತ್ತಾರೋ ಇಲ್ಲವೋ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.