ನೀರುಕಾಗೆಯಿಂದ ಮೀನು ಕಾಯಲು ಯಾವ ಕ್ಯಾಮೆರಾ? ನಾಲ್ಕು ಬಗೆ ಹಾಕಿ ನೋಡಿದ್ದು

ಮೀನಿನ ಹೊಂಡಕ್ಕೆ ಕ್ಯಾಮೆರಾ ಬೇಕು ಅಂತ ಅಂಗಡಿಗೆ ಹೋದರೆ ಎಲ್ಲರದ್ದೂ ಒಂದೇ ಮಾತು: "ಇದ್ರಲ್ಲಿ ಎಐ ಇದೆ ಸರ್. ಮನುಷ್ಯರು, ಗಾಡಿ ಬಂದ್ರೆ ಮಾತ್ರ ಅಲಾರಾಂ. ಹಕ್ಕಿ ಹಾರಿದ್ರೆ ಸುಮ್ನಿರುತ್ತೆ." ನಮಗೆ ಬೇಕಾದ್ದು ಇದರ ತದ್ವಿರುದ್ಧ. ಕಳ್ಳ ಬಂದರೆ ಹೊಂಡದ ನಾಯಿ ಬೊಗಳುತ್ತದೆ, ಮುಳುಗಿ ಮೀನು ತಿನ್ನುವ ನೀರುಕಾಗೆ ಬಂದರೆ ತಲೆ ಎತ್ತಿಯೂ ನೋಡುವುದಿಲ್ಲ.

ನಮ್ಮದು ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಸುತ್ತ ಭತ್ತದ ಗದ್ದೆ, ನಡುವೆ ಕಾಟ್ಲಾ, ರೋಹು ಹೊಂಡಗಳು. ಬೆಳೆದ ಕಾಟ್ಲಾಗೆ ಹಕ್ಕಿಯ ಭಯ ಅಷ್ಟಿಲ್ಲ. ಬೆರಳುದ್ದದ ಮರಿ ಬಿಟ್ಟ ನರ್ಸರಿ ಹೊಂಡದ್ದೇ ಚಿಂತೆ. ಬೆಳಕು ಹರಿಯುವ ಹೊತ್ತಿಗೆ ಪುಟ್ಟ ನೀರುಕಾಗೆಗಳು ಗುಂಪುಗುಂಪಾಗಿ ಬರುತ್ತವೆ. ಒಮ್ಮೆ ನೀರಿಗಿಳಿದರೆ ಡಬ್ಬ ಬಡಿದರೂ ಈ ಹೊಂಡದಿಂದ ಆ ಹೊಂಡಕ್ಕೆ ಹಾರುತ್ತವೆ, ಅಷ್ಟೇ. ಇಳಿಯುವ ಮೊದಲೇ ಸದ್ದು ಕೇಳಿಸಿದರೆ ಸಾಲು ಹಾಗೇ ತಿರುಗಿಕೊಳ್ಳುತ್ತದೆ. ಗಂಟೆಗಿಷ್ಟು ಸಲ ತಾನಾಗಿ ಢಂ ಎನ್ನುವ ಯಂತ್ರಕ್ಕೆ ಅವು ಬೇಗ ಒಗ್ಗಿಬಿಡುತ್ತವೆ, ಹಾಗಾಗಿ ಹಕ್ಕಿ ಬಂದಾಗ ಮಾತ್ರ ಸದ್ದಾಗಬೇಕು. ಹೊಡೆಯುವ ಮಾತಂತೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ನನಗೆ ಆ ಮನಸ್ಸೂ ಇಲ್ಲ. ನಿಮ್ಮ ನರ್ಸರಿ ಚಿಕ್ಕದಿದ್ದರೆ ಮೇಲೆ ಬಲೆ ಕಟ್ಟಿ, ಕ್ಯಾಮೆರಾ ಮರೆತುಬಿಡಿ. ನಮ್ಮದು ಎಕರೆ ದಾಟಿದೆ, ಅದಕ್ಕೇ ಈ ಪಾಡು.

ಹಕ್ಕಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುತ್ತದೆ ಎಂದು ಹಿಡಿದರೆ ಸೆಕೆಂಡಿಗೆ 11 ಮೀಟರ್ ಆಯಿತು. 200 ಮೀಟರ್ ದೂರದಲ್ಲಿ ಕಂಡರೆ 18 ಸೆಕೆಂಡು ಸಿಗುತ್ತದೆ, 50 ಮೀಟರ್‌ನಲ್ಲಿ ಕಂಡರೆ ಐದು ಸೆಕೆಂಡೂ ಇಲ್ಲ. ನಾನು ಪ್ರತಿಯೊಂದನ್ನೂ ಅಳೆದದ್ದು ಈ ಒಂದು ಲೆಕ್ಕದಿಂದಲೇ.

ಮೊದಲು ಸೋಲಾರ್ ಮೇಲೆ ನಡೆಯುವ 4ಜಿ ಕ್ಯಾಮೆರಾ. ವೈರು ಬೇಡ, ಸಿಮ್ ಹಾಕಿದರೆ ಮುಗಿಯಿತು. ಆದರೆ ಬ್ಯಾಟರಿ ಉಳಿಸಲು ಅದು ನಿದ್ದೆಯಲ್ಲೇ ಇರುತ್ತದೆ. ಮೈಯ ಬಿಸಿ ಗುರುತಿಸುವ ಪಿಐಆರ್ ಸೆನ್ಸರ್ ಎಬ್ಬಿಸಿದಾಗ ಮಾತ್ರ ಕಣ್ಣು ಬಿಡುತ್ತದೆ. ಆ ಸೆನ್ಸರ್ ಮನುಷ್ಯನನ್ನೇ ಹತ್ತು ಮೀಟರ್ ಆಸುಪಾಸಿನಲ್ಲಿ ಹಿಡಿಯುವಂಥದ್ದು. ಆಕಾಶದಲ್ಲಿ ಹೋಗುವ ಹಕ್ಕಿ ಅದರ ಪಾಲಿಗೆ ಇಲ್ಲವೇ ಇಲ್ಲ. ಈಗ ಗೇಟಿನ ಬಳಿ ಮೇವಿನ ಚೀಲ ಕಾಯುತ್ತಿದೆ.

ಎರಡನೆಯದು ತಿರುಗುವ ಪಿಟಿಝೆಡ್, 25 ಪಟ್ಟು ಜೂಮ್. ಚಿತ್ರ ನೋಡಿದರೆ ಮರುಳಾಗಬೇಕು: ಏರಿಯ ಆ ತುದಿಯಲ್ಲಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆಯ ಕೊಕ್ಕಿನ ಕೊಂಡಿಯೂ ಕಾಣುತ್ತದೆ. ತೊಡಕೆಂದರೆ ಅದು ಎಡಕ್ಕೆ ನೋಡುವಾಗ ಹಕ್ಕಿ ಬಲದಿಂದ ಬರುತ್ತದೆ. ತಾನಾಗಿ ಬೆನ್ನಟ್ಟುವ ಸೌಲಭ್ಯ ಮನುಷ್ಯರಿಗೆ ಮಾತ್ರ. ನೀರಿಗೆ ಗಾಳಿ ಬೆರೆಸುವ ನಮ್ಮ ಏರೇಟರ್ ರಿಪೇರಿ ಮಾಡುವವನನ್ನು ಹೊಂಡದ ಸುತ್ತ ಶ್ರದ್ಧೆಯಿಂದ ಹಿಂಬಾಲಿಸಿತು. ಬಂದ ಹಕ್ಕಿ ಯಾವುದು ಎಂದು ತಿಳಿಯಲು ಇದರಷ್ಟು ಒಳ್ಳೆಯದಿಲ್ಲ. ಬರುತ್ತಿದೆ ಎಂದು ಕೂಗಿ ಹೇಳಲು ಆಗುವುದಿಲ್ಲ.

ಮೂರನೆಯದು ಬೆಳಕಿನ ಬದಲು ಬಿಸಿಯನ್ನೇ ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ. ಪರಿಚಯದವರಿಂದ ತಂದು ಕಟ್ಟಿ ನೋಡಿದೆ. ಬೆಳಗಿನ ಶುಭ್ರ ಆಕಾಶ ಅದಕ್ಕೆ ತಣ್ಣಗೆ, ಕಪ್ಪಗೆ ಕಾಣುತ್ತದೆ, ಹಕ್ಕಿ ಬೆಳ್ಳಗೆ ಎದ್ದು ಬರುತ್ತದೆ. ಕತ್ತಲಾದ ಮೇಲೆ ಬರುವ ಇರುಳು ಬಕಕ್ಕಂತೂ ಇದೇ ರಾಜ. ಮಾಮೂಲಿ ಕ್ಯಾಮೆರಾ ರಾತ್ರಿ ಬೀರುವ, ನಮ್ಮ ಕಣ್ಣಿಗೆ ಕಾಣದ ಐಆರ್ (ಇನ್‌ಫ್ರಾರೆಡ್) ಬೆಳಕು ಮೂವತ್ತು ಮೀಟರಿಗೆ ಸೋಲುತ್ತದೆ, ಮೇಲಾಗಿ ಹುಳ ಕರೆಯುತ್ತದೆ, ಹುಳದ ಹಿಂದೆ ಜೇಡ ಬಂದು ಲೆನ್ಸಿನ ಮುಂದೆಯೇ ಬಲೆ ನೇಯುತ್ತದೆ. ಥರ್ಮಲ್‌ಗೆ ಈ ಕಾಟವಿಲ್ಲ. ಆದರೆ ಕೈಗೆಟಕುವ ಮಾದರಿಗಳ ಸೆನ್ಸರ್ ಬರೀ 256×192 ಪಿಕ್ಸೆಲ್. 7 ಎಂಎಂ ಲೆನ್ಸ್ ಹಾಕಿದರೂ 100 ಮೀಟರ್ ದೂರದ ನೀರುಕಾಗೆ ಐದೇ ಪಿಕ್ಸೆಲ್ಲು. ರಾಯಚೂರಿನ ಬಿಸಿಲಿಗೆ ಏರಿಯ ಮಣ್ಣು ಕಾದ ಮೇಲೆ, ಅದರ ಮುಂದೆ ತಗ್ಗಿನಲ್ಲಿ ಹಾರುವ ಹಕ್ಕಿ ಮಾಯ. ಕೊಳವೆಯಾಕಾರದ ಮಾಮೂಲಿ ಬುಲೆಟ್ ಕ್ಯಾಮೆರಾಕ್ಕಿಂತ ಹಲವು ಪಟ್ಟು ಬೆಲೆ ಕೊಟ್ಟು ಇದನ್ನು ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಇರುಳು ಬಕದ ಕಾಟವೇ ಹೆಚ್ಚಿರುವವರು ಬೇರೆ ತೀರ್ಮಾನಕ್ಕೆ ಬರಬಹುದು.

ಉಳಿದದ್ದು ಎಲ್ಲ ಅಂಗಡಿಯಲ್ಲೂ ಸಿಗುವ 4 ಮೆಗಾಪಿಕ್ಸೆಲ್ ಬುಲೆಟ್ ಕ್ಯಾಮೆರಾ. ಇದರಲ್ಲಿ ಮೆಗಾಪಿಕ್ಸೆಲ್ಲಿಗಿಂತ ಲೆನ್ಸ್ ನೋಡಿ ಕೊಳ್ಳಬೇಕು. ಸಾಮಾನ್ಯವಾಗಿ ಕೊಡುವ 2.8 ಎಂಎಂ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ, ಇಡೀ ಹೊಂಡ ಒಂದೇ ಚಿತ್ರದಲ್ಲಿ. ಆ 2560 ಪಿಕ್ಸೆಲ್ ಅಗಲದಲ್ಲಿ, 100 ಮೀಟರ್ ಆಚೆ ರೆಕ್ಕೆ ಚಾಚಿದ ಪುಟ್ಟ ನೀರುಕಾಗೆಗೆ ಸಿಗುವುದು ಹದಿಮೂರು ಪಿಕ್ಸೆಲ್. 2.8ರಿಂದ 12 ಎಂಎಂವರೆಗೆ ಹೊಂದಿಸುವ ವೇರಿಫೋಕಲ್ ತಂದು ಪೂರ್ತಿ 12ಕ್ಕೆ ತಿರುಗಿಸಿದರೆ ಅದೇ ಹಕ್ಕಿಗೆ ನಲವತ್ತೈದರ ಹತ್ತಿರ ಸಿಗುತ್ತದೆ, 200 ಮೀಟರಿನಲ್ಲೂ ಇಪ್ಪತ್ತರ ಮೇಲೆ. ಬದಲಿಗೆ ನೋಟ ಕಿರಿದಾಗುತ್ತದೆ: 200 ಮೀಟರ್ ದೂರದಲ್ಲಿ ಸುಮಾರು 100 ಮೀಟರ್ ಅಗಲದ ಆಕಾಶ ಮಾತ್ರ. ಹಕ್ಕಿಗಳು ಎಲ್ಲ ದಿಕ್ಕಿನಿಂದ ಬರುವಂತಿದ್ದರೆ ಇದು ನಷ್ಟದ ವ್ಯವಹಾರ. ನಮ್ಮಲ್ಲಿ ರಾತ್ರಿ ತಂಗುವ ಜಾಲಿಮರಗಳ ಕಡೆಯಿಂದ, ಕಾಲುವೆಯ ಗುಂಟ, ಹೆಚ್ಚುಕಡಿಮೆ ಒಂದೇ ದಾರಿ ಹಿಡಿದು ಬರುತ್ತವೆ. ಆ ದಾರಿಗೆ ಎರಡು ಕ್ಯಾಮೆರಾ ಸಾಕಾಯಿತು. ದಾರಿ ಗೊತ್ತಿಲ್ಲದವರು ಕೊಳ್ಳುವ ಮೊದಲು ಒಂದಷ್ಟು ಬೆಳಗು ಏರಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರಬೇಕು.

ಪೆಟ್ಟಿಗೆಯಿಂದ ತೆಗೆದು ಹಾಗೇ ಕಟ್ಟಿದರೆ ಇದೂ ಕೆಲಸಕ್ಕೆ ಬಾರದು. ಮುಂಜಾವಿನ ಮಬ್ಬಿನಲ್ಲಿ ಕ್ಯಾಮೆರಾ ತಾನಾಗಿ ಶಟರ್ ಅನ್ನು 1/25 ಸೆಕೆಂಡಿಗೆ ಇಳಿಸುತ್ತದೆ. ಅಷ್ಟರಲ್ಲಿ ಅಡ್ಡ ಹಾಯುವ ಹಕ್ಕಿ 44 ಸೆಂ.ಮೀ. ಸರಿದು ಮಸಿಯಂತೆ ಬಳಿದುಕೊಳ್ಳುತ್ತದೆ. ಕೈಯಾರೆ 1/250ಕ್ಕೆ ನಿಲ್ಲಿಸಿದೆ. ಚಿತ್ರ ಕಪ್ಪಾಯಿತು, ಆಕಾಶದ ಮುಂದೆ ಹಕ್ಕಿಯ ಆಕಾರ ಮಾತ್ರ ಖಡಕ್ಕಾಗಿ ನಿಂತಿತು. ಬಿಟ್‌ರೇಟ್ (ಸೆಕೆಂಡಿಗೆ ಇಷ್ಟು ಎಂದು ಕಳಿಸುವ ವಿಡಿಯೊ ಮಾಹಿತಿ) ಏರಿಸಿ, ಇಲ್ಲದಿದ್ದರೆ ಚಿಕ್ಕ ಚುಕ್ಕೆಗಳನ್ನು ಕಂಪ್ರೆಷನ್ ನುಂಗಿಹಾಕುತ್ತದೆ. ಮೂಡಣಕ್ಕೆ ಮುಖ ಮಾಡಿ ಕಟ್ಟಬೇಡಿ.

ಗುರುತಿಸುವ ಕೆಲಸ ಕ್ಯಾಮೆರಾದ್ದಲ್ಲ, ಮೋಟರ್ ಮನೆಯ ಮಿನಿ ಪಿಸಿಯದ್ದು. ಫ್ರಿಗೇಟ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ್ದೇವೆ, ಚಿತ್ರದಲ್ಲಿ ಏನಿದೆ ಎಂದು ಗುರುತಿಸುವ ಅದರ ಎಐ ಮಾದರಿಗೆ 'ಹಕ್ಕಿ' ಎಂಬ ವರ್ಗ ಮೊದಲೇ ಗೊತ್ತು. ಅಭ್ಯಾಸದಂತೆ ಕ್ಯಾಮೆರಾ ಕಳಿಸುವ ಚಿಕ್ಕ ಗಾತ್ರದ ವಿಡಿಯೊ, ಅಂದರೆ ಸಬ್‌ಸ್ಟ್ರೀಮ್, ಕೊಟ್ಟರೆ ನಾವು ಲೆನ್ಸ್‌ನಿಂದ ಗಳಿಸಿದ ಪಿಕ್ಸೆಲ್ಲೆಲ್ಲ ಅಲ್ಲೇ ಕರಗುತ್ತದೆ. ಪೂರ್ತಿ ಗಾತ್ರದ ಮೇನ್ ಸ್ಟ್ರೀಮನ್ನೇ ಕೊಡಬೇಕು. ಚಲನೆ ಕಂಡ ಜಾಗವನ್ನಷ್ಟೇ ಕತ್ತರಿಸಿ ಪರೀಕ್ಷಿಸುವುದರಿಂದ ಚಿಕ್ಕ ಹಕ್ಕಿಗೂ ನ್ಯಾಯ ಸಿಗುತ್ತದೆ.

ಆದರೂ ಆ ಮಾದರಿಗೆ ಗೊತ್ತಿರುವುದು ಹಕ್ಕಿ ಎಂದಷ್ಟೇ. ಗದ್ದೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಹುಳ ಹೆಕ್ಕುವ ಗೋವಕ್ಕಿ ಎಂಬ ಬೆಳ್ಳಕ್ಕಿಗೂ ಫೋನು ಕೂಗುತ್ತಿತ್ತು. "ಇದೇನ್ರಿ ಸಾವ್ಕಾರ್ರ, ಬೆಳ್ಳಕ್ಕಿಗೂ ಬಡ್ಕೊಂತೈತಿ" ಎಂದು ಕಾವಲಿನವನು ಫೋನನ್ನೇ ಬಂದ್ ಮಾಡಿಟ್ಟಿದ್ದ. ಗದ್ದೆಯ ಭಾಗಕ್ಕೆ ಮಾಸ್ಕ್ ಹಾಕಿ, ಏರಿಯಿಂದ ಮೇಲಿನ ಆಕಾಶ ಮಾತ್ರ ಉಳಿಸಿದ ಮೇಲೆ ಸುಳ್ಳು ಕೂಗು ತಗ್ಗಿದೆ, ನಿಂತಿಲ್ಲ. ಸಂಜೆ ಗೂಡಿಗೆ ಮರಳುವ ಬೆಳ್ಳಕ್ಕಿ ಸಾಲಿಗೆ ಈಗಲೂ ಕೂಗುತ್ತದೆ, ಅದಕ್ಕೇ ಸಂಜೆ ಹೊತ್ತು ಹಕ್ಕಿ ಬೆದರಿಸುವ ಸ್ಪೀಕರನ್ನು ಪಿಸಿಯ ಕೈಗೆ ಕೊಟ್ಟಿಲ್ಲ, ಮನುಷ್ಯ ನೋಡಿ ಒತ್ತುತ್ತಾನೆ.

ಕಟ್ಟುವವರಿಗೆ ಇಷ್ಟು: ಕರೆಂಟನ್ನೂ ಚಿತ್ರವನ್ನೂ ಒಟ್ಟಿಗೆ ಒಯ್ಯುವ ಪಿಒಇ ಕೇಬಲ್ 100 ಮೀಟರಿಗೆ ಮುಗಿಯುತ್ತದೆ, ಆಚೆ ತುದಿಗೆ ಫೈಬರ್ ಎಳೆಯಿರಿ ಇಲ್ಲವೇ ವೈರ್‌ಲೆಸ್ ಬ್ರಿಡ್ಜ್ ಹಾಕಿ. ಬೆಳಗಿನ ಜಾವವೇ ಕರೆಂಟು ಹೋಗುವ ಊರಾದರೆ ಪಿಸಿಗೂ ಕ್ಯಾಮೆರಾ ಕೇಬಲ್ ಸೇರುವ ನೆಟ್‌ವರ್ಕ್ ಸ್ವಿಚ್ಚಿಗೂ ಯುಪಿಎಸ್ ಬೇಕೇ ಬೇಕು. ಕಂಬದ ತಲೆಗೆ ಮೊಳೆಪಟ್ಟಿ ಬಡಿಯಿರಿ. ನಮ್ಮಲ್ಲಿ ಬಡಿಯುವ ತನಕ ಮಿಂಚುಳ್ಳಿ ಕ್ಯಾಮೆರಾದ ನೆತ್ತಿಯ ಮೇಲೆಯೇ ಕೂತು ಮೀನು ಹಿಡಿಯುತ್ತಿತ್ತು, ಒಂದು ಸಲವೂ ಅಲಾರಾಂ ಆಗಲಿಲ್ಲ.