ಒಂದು ಶರ್ಟಿಗೆ 17 ನಿಮಿಷ: ಮನೆಗೇ ಬರುವ ಸ್ಟ್ರೋಕ್ ಆರೈಕೆ ಸೇವೆ ಬಗ್ಗೆ

ಅಪ್ಪನಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸೋತಿದ್ದವು. 12 ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಡಿಸ್ಚಾರ್ಜ್ ಹಾಳೆಯಲ್ಲಿ ಮಾತ್ರೆಗಳ ಪಟ್ಟಿ ಪುಟ ತುಂಬಾ ಇತ್ತು. ಮುಂದೇನು ಅನ್ನುವುದಕ್ಕೆ ಒಂದೇ ಸಾಲು: ‘ಫಿಸಿಯೋಥೆರಪಿ ಮುಂದುವರಿಸಿ’. ಎಷ್ಟು ಹೊತ್ತು ಮಾಡಿಸಬೇಕು, ಯಾರ ಹತ್ತಿರ, ಮಂಚದಿಂದ ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ಹೇಗೆ, ಏನೂ ಇಲ್ಲ. ಹಾಗಾಗಿ ಮನೆಗೇ ಫಿಸಿಯೋ ಮತ್ತು ಅಟೆಂಡರ್ ಕಳಿಸುವ ಒಂದು ಸೇವೆ ಹಿಡಿದೆವು. ಹೆಸರು ಹಾಕುತ್ತಿಲ್ಲ, ಬೈಯುವುದು ಜಾಸ್ತಿ ಇದೆ.

ಮೊದಲ ಮೂರು ವಾರದಲ್ಲಿ ನಾಲ್ಕು ಜನ ಫಿಸಿಯೋ ಬದಲಾದರು. ಬಂದ ಪ್ರತಿಯೊಬ್ಬರಿಗೂ ಕಥೆ ಮೊದಲಿನಿಂದ ಹೇಳಬೇಕು. ಅವರು ಮಲಗಿದ್ದ ಅಪ್ಪನ ಕಾಲು ಹತ್ತು ಸಲ ಮಡಚಿ, ಕೈ ಹತ್ತು ಸಲ ಎತ್ತಿ, ನನ್ನ ಹತ್ತಿರ ಫೋನಿನಲ್ಲಿ ಸಹಿ ಹಾಕಿಸಿಕೊಂಡು ಹೊರಟುಬಿಡುತ್ತಿದ್ದರು. ಅಷ್ಟು ಹೊತ್ತೂ ಅಪ್ಪ ಫ್ಯಾನ್ ನೋಡುತ್ತಾ ಮಲಗಿರುತ್ತಿದ್ದರು. ಕೀಲು ಬಿಗಿದುಕೊಳ್ಳಬಾರದು ಅಂದರೆ ಇದೂ ಬೇಕು, ಒಪ್ಪುತ್ತೇನೆ. ಆದರೆ ಬೇರೆಯವರು ಎತ್ತಿ ಇಳಿಸಿದ ಕೈ ತಾನಾಗಿ ಏಳುವುದನ್ನು ಕಲಿಯುವುದಿಲ್ಲ ಅಲ್ವಾ? ಮಿದುಳು ಮತ್ತೆ ದಾರಿ ಮಾಡಿಕೊಳ್ಳುವುದು ತಾನೇ ಪ್ರಯತ್ನಪಟ್ಟಾಗ, ಅದೂ ನೂರಾರು ಸಲ. ಚೇತರಿಕೆ ಜೋರಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಅದರಲ್ಲಿ ಮೂರು ವಾರ ಫ್ಯಾನ್ ನೋಡಿ ಕಳೆದೆವು ಅನ್ನುವ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಅಟೆಂಡರ್ ಒಳ್ಳೆಯ ಮನುಷ್ಯ. ರಾತ್ರಿ ಕೂಡ ಎರಡು ಗಂಟೆಗೊಮ್ಮೆ ಎದ್ದು ಅಪ್ಪನ ಮಗ್ಗುಲು ಬದಲಿಸುತ್ತಿದ್ದರು, ಬೆನ್ನಿಗೆ ಒಂದೇ ಒಂದು ಹುಣ್ಣು ಆಗಲಿಲ್ಲ. ಆದರೆ ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ಹತ್ತೇ ದಿನಕ್ಕೆ ಎಡ ಭುಜದ ನೋವು ಶುರುವಾಯಿತು. ಸ್ನಾಯುಗಳಿಗೆ ಬಲ ಇಲ್ಲದಾಗ ಕೈಯ ಭಾರಕ್ಕೇ ಭುಜದ ಕೀಲು ಕೆಳಗೆ ಜಾರಿರಬಹುದು, ಅದನ್ನು ಹಿಡಿದು ಎಳೆದರೆ ಇನ್ನು ಕೇಳಬೇಕಾ. ‘ತರಬೇತಿ ಆದವರು’ ಅಂತ ಕಳಿಸಿದ ಮನುಷ್ಯನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲೇ ಇಲ್ಲ. ಫೋನ್ ಮಾಡಿದರೆ ‘ನೋಟ್ ಮಾಡ್ಕೊಂಡಿದೀವಿ ಸರ್’ ಅಷ್ಟೇ.

ನಾಲ್ಕನೇ ವಾರ, ಗಲಾಟೆ ಮಾಡಿದ ಮೇಲೆ, ಒಬ್ಬರು ಆಕ್ಯುಪೇಷನಲ್ ಥೆರಪಿಸ್ಟ್ ಬಂದರು, ಅಂದರೆ ಬಟ್ಟೆ ಹಾಕಿಕೊಳ್ಳುವಂಥ ದಿನದ ಕೆಲಸಗಳನ್ನು ಮತ್ತೆ ಕಲಿಸುವವರು. ಕೈಕಾಲು ಮುಟ್ಟಲೇ ಇಲ್ಲ. ಅಪ್ಪನ ಶೇವಿಂಗ್ ಸೆಟ್ ತರಿಸಿ, ಕನ್ನಡಿ ಮುಂದೆ ಕೂರಿಸಿ, ಸುಮ್ನೆ ನೋಡುತ್ತಾ ಕುಳಿತರು. ಅಪ್ಪ ಬಲಗೆನ್ನೆ ಚೆನ್ನಾಗಿ ಬೋಳಿಸಿಕೊಂಡು ರೇಜರ್ ಕೆಳಗಿಟ್ಟರು. ಎಡಗೆನ್ನೆಯ ಮೇಲೆ ನೊರೆ ಹಾಗೇ ಇತ್ತು. ‘ಮುಗೀತಾ ಅಂಕಲ್?’ ‘ಮುಗೀತಮ್ಮ.’ ನಾವು ಇಷ್ಟು ದಿನ ಸುಸ್ತು, ಮರೆವು ಅಂದುಕೊಂಡಿದ್ದೆವು. ಕಣ್ಣಿಗೆ ಏನೂ ಆಗಿರಲಿಲ್ಲವಂತೆ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಎಷ್ಟೋ ಜನಕ್ಕೆ ಎಡಗಡೆಯ ಪ್ರಪಂಚವೇ ಗಮನಕ್ಕೆ ಬರುವುದಿಲ್ಲ. ಪೇಪರ್‌ನ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಅದು ಕಾಣುವ ತನಕ ಕತ್ತು ತಿರುಗಿಸಿ ಆಮೇಲೆ ಓದಿ ಅಂದರು. ಅಪ್ಪನ ಜೊತೆ ಮಾತಾಡುವವರೆಲ್ಲ ಇನ್ನು ಮುಂದೆ ಎಡಗಡೆ ಕೂರಬೇಕು ಅಂತ ನಮಗೆ ಅಪ್ಪಣೆ ಆಯಿತು.

ಆಮೇಲೆ ಶರ್ಟು. ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಇಷ್ಟು ಚಿಕ್ಕ ವಿಷಯ ಅಷ್ಟು ದಿನ ಯಾರೂ ಹೇಳಿರಲಿಲ್ಲ. ಮೊದಲ ದಿನ 17 ನಿಮಿಷ ಹಿಡಿಯಿತು. ಮೂರನೇ ಗುಂಡಿಗೆ ಅಪ್ಪ ಒದ್ದಾಡುವುದನ್ನು ನೋಡಲಾಗದೆ ನಾನು ಕೈ ಚಾಚಿದರೆ, ‘ನೀವು ಕೈ ಹಿಂದೆ ಕಟ್ಕೊಂಡು ನಿಂತ್ಕೊಳ್ಳಿ ಸರ್’ ಅಂದರು. ಅಪ್ಪ ನಮ್ಮಿಬ್ಬರಿಗೂ ಬೈದರು, ಆದರೆ ಹಾಕಿಕೊಂಡರು. ಅಲ್ಲಿತನಕ ನಾವೂ ಅಟೆಂಡರೂ ಸೇರಿ ಎರಡೇ ನಿಮಿಷಕ್ಕೆ ಬಟ್ಟೆ ತೊಡಿಸಿ ಕೂರಿಸುತ್ತಿದ್ದೆವು, ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಅಂತ.

ನೀರು ಕುಡಿದ ಮೇಲೆ ಗಂಟಲು ಗೊರಗೊರ ಅನ್ನುವುದನ್ನು ಕಂಡುಹಿಡಿದವರೂ ಇವರೇ. ನುಂಗಿದ್ದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು, ಸ್ಪೀಚ್ ಥೆರಪಿಸ್ಟ್‌ಗೆ ಬೇಗ ತೋರಿಸಿ, ನುಂಗುವ ತೊಂದರೆ ನೋಡುವವರೂ ಅವರೇ ಅಂದರು. ಈ ಸೇವೆಯಲ್ಲಿ ಅಂಥವರು ಇರಲಿಲ್ಲ, ಹೊರಗೆ ಹುಡುಕಿಕೊಂಡೆವು. ಮನಸ್ಸಿನ ಬಗ್ಗೆಯಂತೂ ಕಂಪನಿಯವರು ಒಂದು ಸಲವೂ ಕೇಳಲಿಲ್ಲ. ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ, ಗೊತ್ತಿರಬೇಕಿತ್ತು.

ಎರಡು ತಿಂಗಳಾದ ಮೇಲೆ ಕಂಪನಿಯವರು ‘ಫ್ಯಾಮಿಲಿ ಪ್ಯಾಕೇಜ್’ ಅಂತ ಫೋನ್ ಮಾಡಿದರು. ವ್ಯಾಯಾಮ ನೀವೇ ಮಾಡಿಸಿ, ನಾವು ವಿಡಿಯೋದಲ್ಲಿ ನೋಡುತ್ತೇವೆ ಅಂತ. ದುಡ್ಡು ಉಳಿಯುತ್ತದಲ್ಲ ಅಂತ ನನಗೂ ಆಸೆ ಆಯಿತು. ಆದರೆ ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ‘ಅಟೆಂಡ್’ ಅನ್ನುವ ಅಧ್ಯಯನ ಮಾಡಿದ್ದಾರೆ, 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದಿತ್ತು. ಒಂದು ಗುಂಪಿಗೆ ಎಂದಿನ ಆರೈಕೆ, ಇನ್ನೊಂದರಲ್ಲಿ ಅದರ ಜೊತೆ ಮನೆಯವರಿಗೆ ಕಲಿಸಿ ಅವರಿಂದಲೇ ವ್ಯಾಯಾಮ ಮಾಡಿಸಿದರು; ಆದರೂ ಆರು ತಿಂಗಳ ನಂತರ ತೀರಿಹೋದವರು ಇಲ್ಲವೇ ಬೇರೆಯವರನ್ನೇ ನೆಚ್ಚಿಕೊಂಡವರು ಎರಡೂ ಗುಂಪಿನಲ್ಲಿ 47%. ಹೀಗಿರುವಾಗ ಥೆರಪಿಸ್ಟ್ ಜಾಗಕ್ಕೆ ನನ್ನನ್ನು ನಿಲ್ಲಿಸುವ ಪ್ಯಾಕೇಜ್ ನನಗೆ ಬೇಡ ಅಂದೆ. ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದಷ್ಟೇ ನಾನು ಕಲಿತಿರುವುದು.

5ಕ್ಕೆ 3 ಅಂಕ, ಅದರಲ್ಲಿ ಎರಡೂವರೆ ಆ ಥೆರಪಿಸ್ಟ್‌ದು. ಇಂಥ ಸೇವೆ ಹಿಡಿಯುವವರು ದುಡ್ಡು ಕಟ್ಟುವ ಮೊದಲು ಅಟೆಂಡರ್‌ನ ಕರೆಸಿ, ಮಂಚದಿಂದ ಕುರ್ಚಿಗೆ ಹೇಗೆ ಕೂರಿಸುತ್ತೀರಿ ತೋರಿಸಿ ಅನ್ನಿ. ಕೈ ಕಂಕುಳಿಗೆ ಹೋದರೆ ಬೇರೆಯವರನ್ನು ಕೇಳಿ.

ನಾವು ಅಟೆಂಡರ್‌ನ ಈಗ ರಾತ್ರಿಗೆ ಮಾತ್ರ ಇಟ್ಟುಕೊಂಡಿದ್ದೇವೆ. ಶರ್ಟು 6 ನಿಮಿಷಕ್ಕೆ ಇಳಿದಿದೆ. ಕಾಲರ್ ಗುಂಡಿ ಮಾತ್ರ ಆಗುತ್ತಿಲ್ಲ, ಅದನ್ನು ಅಪ್ಪ ಮೊದಲೂ ಹಾಕುತ್ತಿರಲಿಲ್ಲ ಬಿಡಿ.